ಹಿಡಿದ ಮೊಲಕ್ಕೆ ಮೂರೇ ಕಾಲು

ವರ್ಷಕ್ಕೊಮ್ಮೆ ನವಂಬರ 1ನೆಯ ತಾರೀಖು ಬಂದಿತೆಂದರೆ ನಮ್ಮ ಹುಬ್ಬಳ್ಳಿ-ಧಾರವಾಡಗಳ ಸಭೆಗಳಲ್ಲಿ ಒಂದು ಮಾತು ತಪ್ಪದೆ ಕೇಳಬರುತ್ತದೆ: ಧುರೀಣರ ತಾಳ್ಮೆಯಿಂದಲೂ ದೂರದೃಷ್ಟಿಯಿಂದಲೂ ಕನ್ನಡ ನಾಡು ಒಂದಾಯಿತಂತೆ. ಶಾಲೆಯ ಮಕ್ಕಳು ಹೀಗೆ ಭಾಷಣ ಮಾಡಿದರೆ ಸುಮ್ಮನಿರಬಹುದು. ಅದನ್ನು ಬರೆದುಕೊಟ್ಟ ಗುರುಗಳನ್ನಾದರೂ ನಾವು ಎರಡು ಮಾತು ಕೇಳಬೇಕಾಗಿದೆ.

ಭಾಷಾವಾರು ಪ್ರಾಂತಗಳ ತತ್ತ್ವವನ್ನು ಕಾಂಗ್ರೆಸ್ಸು ತನ್ನ ಸಂಘಟನೆಗೆ ಒಪ್ಪಿಕೊಂಡುದು 1920ರ ನಾಗಪುರ ಅಧಿವೇಶನದಲ್ಲಿ. 1928ರ ನೆಹರೂ ವರದಿಯು ಕರ್ನಾಟಕದ ಬೇಡಿಕೆಗೆ ಬಲವಾದ ಆಧಾರವಿದೆಯೆಂದು ಸಾರಿತು. ಆದರೆ ಅಧಿಕಾರವು ಕೈಗೆ ಬಂದ ಕೂಡಲೆ ಧ್ವನಿ ಬದಲಾಯಿತು. ಮೊದಲು ದೇಶದ ರಕ್ಷಣೆ, ಆಮೇಲೆ ಪ್ರಾಂತ ರಚನೆ ಎಂದು ಪಂಡಿತ ನೆಹರೂ ಅವರು 1947ರ ನವಂಬರದಲ್ಲಿ ಸಂವಿಧಾನ ಸಭೆಯಲ್ಲಿ ಹೇಳಿದರು.

ಆ ಗಳಿಗೆಯಲ್ಲಿ ಆ ಮಾತು ಅವಿವೇಕದ್ದೆಂದು ನಾವು ಹೇಳಲಾರೆವು. ಪಂಜಾಬದಲ್ಲಿ ನೆತ್ತರು ಆರಿರಲಿಲ್ಲ. ನಿಜಾಮನು ಹಿಂದುಸ್ಥಾನದಲ್ಲಿ ಸೇರಲೊಲ್ಲೆನೆಂದು ಹಟ ಹಿಡಿದು ಕುಳಿತಿದ್ದನು. ಅವರ ಸ್ಥಾನದಲ್ಲಿದ್ದರೆ ನಾವೂ ಅದನ್ನೇ ಹೇಳುತ್ತಿದ್ದೆವೇನೋ! ದೋಷವಿರುವುದು ಆ ಕಾರಣಗಳು ಒಂದೊಂದಾಗಿ ಸತ್ತ ಮೇಲೂ ಅವುಗಳಿಂದ ಹುಟ್ಟಿದ ಧೋರಣೆಯನ್ನು ಜೀವಂತವಾಗಿ ಇಟ್ಟುಕೊಂಡುದರಲ್ಲಿ. 1948ರ ಸಪ್ಟಂಬರದಲ್ಲಿ ಹೈದರಾಬಾದಿನ ಗೊಂದಲ ಮುಗಿಯಿತು. ನಮ್ಮ ಮಗ್ಗುಲಿನ ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು ಸಂಸ್ಥಾನಗಳು ಅದೇ ವರ್ಷ ಮುಂಬಯಿ ಪ್ರಾಂತದಲ್ಲಿ ಕರಗಿದವು. ಐನೂರಕ್ಕೆ ಮಿಕ್ಕಿದ ಸಂಸ್ಥಾನಗಳನ್ನು ದೇಶದೊಳಗೆ ಸೇರಿಸಿ ಅವುಗಳ ಮೇರೆಗಳನ್ನು ಅಳಿಸಿ ತಿದ್ದಿದ ಸರಕಾರಕ್ಕೆ, ಧಾರವಾಡ-ಬಿಜಾಪುರಗಳ ಮೇರೆಯನ್ನು ಕದಲಿಸಿದರೆ ಮಾತ್ರ ದೇಶವೇ ಒಡೆದೀತೆಂಬ ಭಯ! ಅದೇ ವರ್ಷದ ದಶಂಬರದಲ್ಲಿ ದರ್ ಆಯೋಗವು ಭಾಷಾವಾರು ಪ್ರಾಂತಗಳು ಬೇಡವೆಂದಿತು.

1949ರಲ್ಲಿ ಜವಾಹರಲಾಲ, ವಲ್ಲಭಭಾಯಿ, ಪಟ್ಟಾಭಿ ಈ ಮೂವರ ಸಮಿತಿಯು ವರದಿ ಕೊಟ್ಟಿತು. ಕಾರ್ಯವನ್ನು ಮುಂದೂಡಬೇಕೆಂದೇ ಅದರ ಸಲಹೆ. ಆದರೆ ಜನರ ಭಾವನೆಯು ಬಹಳ ಬಲವಾಗಿದ್ದರೆ ಪ್ರಜಾಪ್ರಭುತ್ವವಾದಿಗಳಾದ ತಾವು ಕೆಲವು ಮಿತಿಗಳಿಗೊಳಪಟ್ಟು ಅದಕ್ಕೆ ಬಾಗಬೇಕಾದೀತೆಂಬ ಮಾತೂ ಅದರಲ್ಲಿತ್ತು. ವಾಚಕರು ಇಲ್ಲಿ ಸ್ವಲ್ಪ ನಿಲ್ಲಬೇಕು. ಭಾವನೆಯ ಬಲವನ್ನು ಅಳೆಯುವ ಬಗೆ ಯಾವುದು? ಅರ್ಜಿಗಳಿಂದಲ್ಲ, ಪರಿಷತ್ತುಗಳ ಠರಾವುಗಳಿಂದಲ್ಲ; ಅವು ಮೂವತ್ತು ವರ್ಷಗಳಿಂದ ರಾಶಿ ಬಿದ್ದಿದ್ದವು. ಅಳದಿದ್ದರೆ ತಾಯಿಯೂ ಹಾಲು ಕೊಡಳೆಂಬ ಗಾದೆಯನ್ನು ರಾಜನೀತಿಯನ್ನಾಗಿ ಮಾಡಿದವರು ಗದ್ದಲಗಾರರಲ್ಲ, ಆ ವರದಿಯನ್ನು ಬರೆದವರು. ಕನ್ನಡಿಗನ ಸೌಮ್ಯತೆಯೇ ಅವನ ಬೇಡಿಕೆಗೆ ವಿರುದ್ಧವಾದ ಸಾಕ್ಷಿಯಾಯಿತು.

1952ರ ದಶಂಬರದಲ್ಲಿ ಪೊಟ್ಟಿ ಶ್ರೀರಾಮುಲು ಅವರು 58 ದಿನ ಉಪವಾಸ ಮಾಡಿ ಮದರಾಸಿನಲ್ಲಿ ಪ್ರಾಣಬಿಟ್ಟರು. ಆಂಧ್ರದಲ್ಲಿ ದೊಂಬಿಗಳಾದವು. ವರ್ಷಗಟ್ಟಲೆ ಅಸಾಧ್ಯವೆನಿಸಿದ ಆಂಧ್ರ ರಾಜ್ಯವು ಅವರು ಸತ್ತ ನಾಲ್ಕೇ ದಿನಗಳಲ್ಲಿ, 19ನೆಯ ತಾರೀಖಿಗೆ, ಸಾಧ್ಯವೆಂದು ಘೋಷಿತವಾಯಿತು. ಇಷ್ಟಾದರೂ ದಿಲ್ಲಿಯವರು ಪಾಠ ಕಲಿತರೆ? 1953ರ ಜನವರಿಯ ಹೈದರಾಬಾದ ಅಧಿವೇಶನದಲ್ಲಿ, ಆಂಧ್ರವು ನೆಲೆಗೊಳ್ಳುವವರೆಗೆ ಉಳಿದವರು ಕಾಯಬೇಕೆಂದು ಮತ್ತೆ ಅದೇ ಹಳೆಯ ರಾಗ!

ನಮ್ಮ ಪ್ರಾಂತಿಕ ಕಾಂಗ್ರೆಸ್ಸಿನ ಧುರೀಣರನ್ನೂ ನಾವು ಬಿಡುವಂತಿಲ್ಲ. ಶ್ರೀ ನಿಜಲಿಂಗಪ್ಪನವರೇ ಮೊದಲಾದವರ ಏಕೀಕರಣ ನಿಷ್ಠೆಯನ್ನು ನಾವು ಶಂಕಿಸುವುದಿಲ್ಲ. ಆದರೆ ಠರಾವು ಮಾಡುವುದು, ನಿಯೋಗ ಒಯ್ಯುವುದು, ಭರವಸೆ ಹೊತ್ತು ಮರಳುವುದು, ಇದು ಫಲ ಕೊಡದೆಂದು ಕಂಡ ಮೇಲೂ ಅದನ್ನೇ ಮತ್ತೆ ಮಾಡಿದ್ದಕ್ಕೆ ಏನೆನ್ನಬೇಕು? ಆ ಮಾರ್ಚ ತಿಂಗಳ ಕೊನೆಗೆ ಅದರಗುಂಚಿಯ ಶಂಕರಗೌಡ ಪಾಟೀಲರು ಉಪವಾಸಕ್ಕೆ ಕುಳಿತರು. 23 ದಿನ ಅನ್ನ ಬಿಟ್ಟರು. ಎಪ್ರಿಲ 19ರಂದು ಪ್ರಾಂತಿಕ ಸಮಿತಿಯ ಸಭೆಯು ಹುಬ್ಬಳ್ಳಿಯಲ್ಲಿ ಕೂಡಿದಾಗ ಹೊರಗೆ ಸಾವಿರಾರು ಜನ ನೆರೆದಿದ್ದರು. ಆ ದಿನ ಊರಲ್ಲಿ ಆದ ಗಲಭೆಯನ್ನು ನಾವು ಹೊಗಳುವುದಿಲ್ಲ. ಹುಬ್ಬಳ್ಳಿಯ ವ್ಯಾಪಾರಿಯೂ ಮಾಸ್ತರನೂ ಹುಟ್ಟಾ ಗಲಭೆಕೋರರಲ್ಲ. ಯಾವ ಭಾಷೆಯನ್ನು ದಿಲ್ಲಿಯು ಕೇಳುವುದೆಂದು ಅವರಿಗೆ ನಾಲ್ಕು ತಿಂಗಳ ಹಿಂದಷ್ಟೇ ತಿಳಿದಿತ್ತು.

ಅದೇ ಅಕ್ಟೋಬರ 1ರಂದು ಬಳ್ಳಾರಿಯ ಏಳು ತಾಲೂಕುಗಳು ಮೈಸೂರಿಗೆ ಸೇರಿದವು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಧಾರವಾಡವು ಮುಂಬಯಿಯಲ್ಲಿಯೇ ಉಳಿಯಿತು. ದಶಂಬರದಲ್ಲಿ ಫಜಲ ಅಲಿ ಆಯೋಗದ ನೇಮಕವಾಯಿತು. ಅದರ ವರದಿಗೆ 1955ರ ಸಪ್ಟಂಬರವಾಯಿತು, ಏಕೀಕರಣಕ್ಕೆ 1956ರ ನವಂಬರ 1. ಅಷ್ಟಾಗಿ ದೇಶವು ಒಡೆಯಲಿಲ್ಲ. ಒಡೆಯುವುದೆಂದು ಒಂಬತ್ತು ವರ್ಷ ಹೆದರಿಸಿದವರಲ್ಲಿ ಯಾರಾದರೂ ಎದ್ದುನಿಂತು, ನಮ್ಮ ಎಣಿಕೆ ತಪ್ಪಿತು ಎಂದರೆ? ನಮಗಂತೂ ನೆನಪಿಲ್ಲ.

ಒಂದಾದ ನಾಡಿಗೆ ಹೆಸರಿಡುವಲ್ಲಿಯೂ ಅದೇ ಹಿಂಜರಿಕೆ. ಮೈಸೂರು ಎಂಬ ಹೆಸರೇ ಮುಂದುವರಿದು, 1973ರ ನವಂಬರ 1ಕ್ಕೆ ಅದು ಕರ್ನಾಟಕವೆನಿಸಿತು. 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಬರೆದ ಧಾರವಾಡದ ಆಲೂರ ವೆಂಕಟರಾಯರು 1964ರಲ್ಲಿಯೇ ತೀರಿಕೊಂಡಿದ್ದರು.