ದಂತಶುದ್ಧಿ: ಭೀತಿ ಮತ್ತು ವಿವೇಕ

ದಂತಧಾವನವು ಸದಾಚಾರದ ಪ್ರಥಮ ಸೋಪಾನವೆಂದು ಹಿರಿಯರು ಬಗೆದಿದ್ದರು. ಆದರೆ ನಿತ್ಯ ಉಜ್ಜಿದರೂ ವಸಡಿನಂಚಿನಲ್ಲಿ ಪಾಚಿ ಕಟ್ಟಿ, ಕಾಲಕ್ರಮದಲ್ಲಿ ಕಲ್ಲಿನಂತೆ ಗಟ್ಟಿಯಾಗುವುದುಂಟು. ಅದನ್ನು ತೆಗೆಯಬೇಕಾದವರು ದಂತವೈದ್ಯರೇ.

ಹಾಗೆ ತೆಗೆಸಿದರೆ ಹಲ್ಲು ಸಡಿಲವಾಗುವುದೆಂಬ ಭೀತಿ ನಿರಾಧಾರವಾದುದು. ವೈದ್ಯರು ಪುಟ್ಟ ಕನ್ನಡಿಯಿಂದ ಬಾಯನ್ನು ಪರೀಕ್ಷಿಸಿ, ನೀರು ಚಿಮ್ಮಿಸುತ್ತ ಕಂಪಿಸುವ ಉಪಕರಣದಿಂದ ಕಲ್ಲನ್ನು ಬಿಡಿಸಿ, ಕೊನೆಗೆ ಹೊಳಪು ಕೊಡುತ್ತಾರೆ. ಸ್ವಲ್ಪ ರಕ್ತ ಒಸರಬಹುದು. ಕೆಲವು ದಿನ ತಣ್ಣೀರು ಜುಮ್ಮೆನಿಸಬಹುದು. ಬಳಿಕ ಕಾಣುವ ಸಂದು ಕಲ್ಲು ತುಂಬಿದ್ದ ಸ್ಥಳವಷ್ಟೆ. ಹೃದ್ರೋಗ, ಮಧುಮೇಹವುಳ್ಳವರೂ ರಕ್ತ ತೆಳುವಾಗಿಸುವ ಔಷಧ ಸೇವಿಸುವವರೂ ಮೊದಲೇ ತಿಳಿಸತಕ್ಕದ್ದು.

ಶಿಕ್ಷಕವೃಂದವು ಗಮನಿಸಬೇಕಾದ ಮಾತು ಇನ್ನೊಂದುಂಟು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಕೊಳವೆಬಾವಿಯ ನೀರಿನ ಫ್ಲೋರೈಡ್ ಹಳೆಯ ಪೀಡೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಅಂಥ ನೀರನ್ನು ಶೈಶವದಿಂದ ಕುಡಿದ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ಮೂಡುತ್ತದೆ. ಅದು ಹಲ್ಲಿನ ಎನಾಮಲಿನಲ್ಲೇ ಹುಟ್ಟಿದ ದೋಷವಾದುದರಿಂದ ದಂತಶುದ್ಧಿಯಿಂದಲೂ ಪೂರ್ಣವಾಗಿ ಹೋಗದು. ಇದ್ದಿಲು, ಇಟ್ಟಿಗೆಪುಡಿಗಳಿಂದ ತಿಕ್ಕಿದರೆ ಹಲ್ಲೇ ಸವೆಯುತ್ತದೆ. ಅಂಥ ಮಗುವನ್ನು ‘ಹಲ್ಲುಜ್ಜದವನು’ ಎಂದು ತರಗತಿಯಲ್ಲಿ ಜರೆಯುವುದು ಅನ್ಯಾಯ. ನೀರಿನ ತಪ್ಪಿಗೆ ಮಗು ತಲೆತಗ್ಗಿಸಬೇಕೆ?

ಆದುದರಿಂದ ಶಾಲೆ ಶಾಲೆಗಳಲ್ಲಿ ವರ್ಷಕ್ಕೊಮ್ಮೆ ದಂತಪರೀಕ್ಷೆ ನಡೆಯಲಿ. ದಾನಿಗಳ ಔದಾರ್ಯವು ಫ್ಲೋರೈಡ್ ತೆಗೆಯುವ ನೀರಿನ ಘಟಕಗಳತ್ತಲೂ ಹರಿಯಲಿ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಮಗು ನಿಸ್ಸಂಕೋಚವಾಗಿ ನಕ್ಕಂದು ವಿದ್ಯಾದಾನವು ಸಾರ್ಥಕವಾದೀತು.