ಕತ್ತೆಮರಿಯ ಕೆಮ್ಮಿಗೆ ಮದ್ದು ಯಾರು ಕೊಡುತ್ತಾರೆ?



ನಂದಿಕೂರು, ಪಡುಬಿದ್ರಿ ಕಡೆ ತಾಯಿಕತ್ತೆ ಮತ್ತು ಮರಿಯೊಂದಿಗೆ ಮನೆಮನೆಗೆ ಹಾಲು ಮಾರುವವರು ಆಗಾಗ ಬರುತ್ತಾರೆ. ಮಗುವಿನ ಕೆಮ್ಮಿಗೆಂದು ಒಂದು ಒಳಲೆ ಹಾಲಿಗೆ ಜನ ಕೇಳಿದಷ್ಟು ಹಣ ಕೊಡುತ್ತಾರೆ. ಮೊನ್ನೆ ಬಂದ ಮರಿಯೇ ಮೂಗು ಸುರಿಸುತ್ತ ಕೆಮ್ಮುತ್ತಿತ್ತು! ಅದು ವೈರಸ್ಸೋ ಬರೀ ಶೀತವೋ, ಪರೀಕ್ಷಿಸುವವರಿಲ್ಲ.

ಕುದುರೆ, ಕತ್ತೆಗಳಿಗೆ ಇನ್‌ಫ್ಲುಯೆಂಜಾ, ಹರ್ಪಿಸ್ ವೈರಸ್‌ಗಳಿಂದ ಉಸಿರಾಟದ ಕಾಯಿಲೆ ಬರುತ್ತದೆ. ಇನ್‌ಫ್ಲುಯೆಂಜಾ ಕುದುರೆಗಿಂತ ಕತ್ತೆಯನ್ನೇ ಹೆಚ್ಚು ಹಣಿಯುತ್ತದೆ. ವಿಶ್ರಾಂತಿ ಸಿಗದ ಮರಿಯಲ್ಲಿ ಅದು ನ್ಯುಮೋನಿಯಾಕ್ಕೆ ತಿರುಗಬಹುದು. 2008ರಲ್ಲಿ ಜಮ್ಮುವಿನ ಕಟ್ರಾದಲ್ಲಿ ಕಾಣಿಸಿಕೊಂಡ ಕುದುರೆ ಇನ್‌ಫ್ಲುಯೆಂಜಾ ಮರುವರ್ಷದೊಳಗೆ ಹಲವು ರಾಜ್ಯಗಳಿಗೆ ಹಬ್ಬಿತ್ತು. ಮಳೆಯಲ್ಲಿ ನೆನೆಯುತ್ತ ಊರೂರು ತಿರುಗುವ ಪ್ರಾಣಿಯಿಂದ ಇಂಥ ಸೋಂಕು ಹರಡುವುದು ಕಷ್ಟವೇ? ಹರಡಿದರೆ ನಷ್ಟವೂ ದೊಡ್ಡದು. ಪಕ್ಕದ ಜಿಲ್ಲೆಯ ಬಂಟ್ವಾಳ ತಾಲ್ಲೂಕಿನ ಇರಾದಲ್ಲಿ 2022ರಲ್ಲಿ ಕತ್ತೆ ಸಾಕಣೆ ಕೇಂದ್ರವೇ ಶುರುವಾಗಿತ್ತು. 2019ರ ಜಾನುವಾರು ಗಣತಿಯಂತೆ ದೇಶದಲ್ಲಿ ಉಳಿದಿದ್ದ ಕತ್ತೆಗಳೇ ಸುಮಾರು 1.2 ಲಕ್ಷ, ಏಳು ವರ್ಷಗಳಲ್ಲಿ ಶೇ 61ರಷ್ಟು ಕುಸಿತ.

ಹಾಲು ಮಾರುವವರನ್ನು ಓಡಿಸಿ ಎನ್ನುತ್ತಿಲ್ಲ, ಅದು ಅವರ ಹೊಟ್ಟೆಪಾಡು. ಹಸು, ಎಮ್ಮೆಗೆ ಸಿಗುವ ಆರೈಕೆಯಲ್ಲಿ ಒಂದು ಪಾಲು ಕತ್ತೆಗೂ ಸಿಗಲಿ. ಅವರು ಬೀಡುಬಿಟ್ಟಲ್ಲಿಗೆ 1962 ಸಹಾಯವಾಣಿಯ ಸಂಚಾರಿ ಪಶು ಚಿಕಿತ್ಸಾ ವಾಹನ ಹೋಗಲಿ, ಕೆಮ್ಮುವ ಮರಿಯನ್ನು ಬೇರೆ ಕಟ್ಟಿಸಲಿ, ಅನುಮಾನವಿದ್ದರೆ ಮಾದರಿಯನ್ನು ಹಿಸ್ಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರಕ್ಕೆ ಕಳುಹಿಸಲಿ. ಹೆತ್ತವರೂ ಅಷ್ಟೇ, ಕೆಮ್ಮುವ ಕೂಸಿಗೆ ಹಸಿ ಹಾಲು ಕುಡಿಸುವ ಬದಲು ವೈದ್ಯರಿಗೆ ತೋರಿಸಲಿ. ಉಡುಪಿ ಜಿಲ್ಲಾ ಪಶುಪಾಲನಾ ಇಲಾಖೆ ಇತ್ತ ಗಮನಹರಿಸಬೇಕೆಂದು ವಿನಂತಿ.

– ಓದುಗರೊಬ್ಬರು, ನಂದಿಕೂರು