ಅಡುಗೆಮನೆಯ ಹೊಳಪು, ಬಡಗಿಯ ಬಾಕಿ

ಹಳೆಯ ಅಡುಗೆಮನೆಯನ್ನು ನವೀಕರಿಸುವುದು ಇಂದು ಎಲ್ಲೆಡೆ ಕಾಣುವ ಸಂಗತಿ. ಕಡಪ ಕಲ್ಲಿದ್ದಲ್ಲಿ ಗ್ರಾನೈಟ್ ಬರುತ್ತದೆ, ತೆರೆದ ಗೂಡುಗಳಿದ್ದಲ್ಲಿ ಪ್ಲೈವುಡ್ ಕಪಾಟುಗಳು ಬರುತ್ತವೆ. ದುಂದುವೆಚ್ಚವಾಗದಿದ್ದರೆ ಇದಾವುದೂ ನಿಷಿದ್ಧವಲ್ಲ. ನಮ್ಮ ಆಕ್ಷೇಪವಿರುವುದು ಅಡುಗೆಮನೆಯ ಕುರಿತಲ್ಲ, ಅದನ್ನು ನಿರ್ಮಿಸಿಕೊಟ್ಟವನ ಕೂಲಿಯ ಕುರಿತು.

ಗ್ರಾನೈಟ್ ಅಂಗಡಿಯವನು ಹಣ ಎಣಿಸಿಕೊಳ್ಳದೆ ಕಲ್ಲನ್ನು ಗಾಡಿಗೆ ಏರಿಸುವುದಿಲ್ಲ. ಚಿಮಣಿ ಮಾರುವವನು ಬಿಲ್ ಪಾವತಿಯಾಗದೆ ಪೆಟ್ಟಿಗೆ ಕೊಡುವುದಿಲ್ಲ. ಕಾಯಬೇಕಾದವನು ಬಡಗಿಯೊಬ್ಬನೇ. ಕೊನೆಯ ಹಿಡಿಕೆ ಕೂರಿಸಿದ ದಿನ ಅವನಿಗೆ ಸಿಗುವ ಉತ್ತರ, ‘ಮುಂದಿನ ವಾರ ಬಾ.’ ಮುಂದಿನ ವಾರ ಕಪಾಟಿನ ಬಾಗಿಲಲ್ಲಿ ಗೀರೊಂದು ಪತ್ತೆಯಾಗುತ್ತದೆ. ಅದರ ಮರುವಾರ ಯಾರೂ ಫೋನ್ ಎತ್ತುವುದಿಲ್ಲ. ಅಷ್ಟರಲ್ಲಿ ಅದೇ ಅಡುಗೆಮನೆಯಲ್ಲಿ ಬಿರಿಯಾನಿ ಬೆಂದು ನೆಂಟರಿಷ್ಟರಿಗೆ ಉಣಬಡಿಸಿಯೂ ಆಗಿರುತ್ತದೆ!

ಇದನ್ನು ವ್ಯವಹಾರ ಚಾತುರ್ಯವೆಂದು ಕರೆಯುವವರಿದ್ದಾರೆ. ಧರ್ಮ ಇದನ್ನು ಅಕ್ರಮವೆಂದು ಕರೆಯುತ್ತದೆ. ದುಡಿದವನ ಬೆವರು ಆರುವ ಮುನ್ನವೇ ಕೂಲಿ ಕೊಡಬೇಕೆಂದು ಪ್ರವಾದಿ(ಸ)ರವರು ಆದೇಶಿಸಿದ್ದನ್ನು ಇಬ್ನು ಮಾಜ ವರದಿ ಮಾಡಿದ್ದಾರೆ. ಅಂತ್ಯದಿನದಂದು ಅಲ್ಲಾಹನೇ ಎದುರು ವಾದಿಯಾಗಿ ನಿಲ್ಲುವ ಮೂವರ ಪ್ರಸ್ತಾಪ ಬುಖಾರಿಯಲ್ಲಿದೆ. ಸ್ವತಂತ್ರ ಮನುಷ್ಯನನ್ನು ಮಾರಿ ಬೆಲೆ ತಿಂದವನ ಜೊತೆಯಲ್ಲೇ, ಪೂರ್ತಿ ಕೆಲಸ ಮಾಡಿಸಿಕೊಂಡು ಕೂಲಿ ಕೊಡದವನೂ ಅಲ್ಲಿದ್ದಾನೆ. ಈ ನೆರೆಹೊರೆಯನ್ನು ಓದುಗರು ಗಮನಿಸಬೇಕು.

‘ಬಡಗಿಗಳೇನು ಸಾಚಾಗಳೇ? ಮುಂಗಡ ಪಡೆದು ನಾಪತ್ತೆಯಾಗುತ್ತಾರೆ, ಮರೀನ್ ಪ್ಲೈವುಡ್‌ನ ದರ ಹೇಳಿ ಅಗ್ಗದ್ದನ್ನು ಹಾಕುತ್ತಾರೆ’ ಎಂಬ ವಾದವಿದೆ. ಅಂತಹವರಿದ್ದಾರೆ, ಅದೂ ವಂಚನೆಯೇ. ಆದರೆ ಒಬ್ಬನ ವಂಚನೆಗೆ ಇನ್ನೊಬ್ಬನ ಕೂಲಿ ದಂಡವಾಗದು. ಇದಕ್ಕೆ ಪರಿಹಾರವನ್ನು ಕುರ್‌ಆನ್ ಮೊದಲೇ ಸೂಚಿಸಿದೆ. ಅದರ ಅತಿ ದೀರ್ಘ ಸೂಕ್ತವಾದ ಅಲ್ ಬಕರಃದ 282ನೆಯ ವಚನವು ನಮಾಝಿನ ಕುರಿತದ್ದಲ್ಲ, ಸಾಲದ ವ್ಯವಹಾರವನ್ನು ಬರೆದಿಡುವ ಕುರಿತದ್ದು.

ಸಾಮಗ್ರಿ ಮನೆಯವರದಾಗಿ ದುಡಿಮೆ ಮಾತ್ರ ಬಡಗಿಯದಾದರೆ ಅದು ‘ಇಜಾರಃ’. ಸಾಮಗ್ರಿಯನ್ನೂ ಅವನೇ ತಂದು ಮಾಡಿಕೊಡುವುದಾದರೆ ಅದು ‘ಇಸ್ತಿಸ್ನಾ’. ಮೊದಲನೆಯದರಲ್ಲಿ ಕೂಲಿ, ಎರಡನೆಯದರಲ್ಲಿ ವಸ್ತುವಿನ ವಿವರ ಮತ್ತು ಬೆಲೆ ಆರಂಭದಲ್ಲೇ ನಿಶ್ಚಯವಾಗಿರಬೇಕೆಂದು ಕರ್ಮಶಾಸ್ತ್ರ ವಿದ್ವಾಂಸರು ಹೇಳುತ್ತಾರೆ. ಆದ್ದರಿಂದ ‘ಕೆಲಸ ಮುಗಿಸು, ಆಮೇಲೆ ನೋಡಿ ಕೊಡೋಣ’ ಎಂಬ ಮಾತೇ ಜಗಳದ ಬೀಜ. ಪ್ಲೈವುಡ್ ಐಎಸ್ 710 ಗುರುತಿನದೋ, ದಪ್ಪ 18 ಮಿ.ಮೀ. ಇರಬೇಕೋ, ಕಂತುಗಳು ಎಷ್ಟು, ದೋಷ ಕಂಡರೆ ಸರಿಪಡಿಸುವ ಅವಧಿ ಎಷ್ಟು ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಲಿ. ಸ್ವಲ್ಪ ಹಣ ತಡೆಹಿಡಿಯುವುದಿದ್ದರೆ ಅದೂ ಮೊದಲೇ ಒಪ್ಪಿದ ಷರತ್ತಾಗಿರಲಿ. ಕೆಲಸ ಮುಗಿದ ಮೇಲೆ ಹುಡುಕಿ ತೆಗೆದ ಗೀರು ಷರತ್ತಲ್ಲ, ನೆಪ.

ಬಡಗಿ ಯಾವ ಧರ್ಮದವನೇ ಆಗಿರಲಿ, ಅವನ ಹಕ್ಕಿನಲ್ಲಿ ವ್ಯತ್ಯಾಸವಿಲ್ಲ. ಗುಹೆಯಲ್ಲಿ ಸಿಲುಕಿದ ಮೂವರ ವೃತ್ತಾಂತ ನಮ್ಮಲ್ಲಿ ಅನೇಕರಿಗೆ ತಿಳಿದಿದೆ. ಅವರಲ್ಲೊಬ್ಬನು, ಆಳು ಬಿಟ್ಟುಹೋದ ಕೂಲಿಯನ್ನು ಬೆಳೆಸಿ, ವರ್ಷಗಳ ಬಳಿಕ ಅವನು ಬಂದಾಗ ಜಾನುವಾರುಗಳ ಹಿಂಡನ್ನೇ ಒಪ್ಪಿಸಿದ್ದನು. ಅದನ್ನು ಮುಂದಿಟ್ಟು ಪ್ರಾರ್ಥಿಸಿದಾಗ ಬಂಡೆ ಸರಿಯಿತು. ಹಿಂಡನ್ನು ಕೊಡಿರೆಂದು ಇಂದು ಯಾರೂ ಕೇಳುತ್ತಿಲ್ಲ. ಬಾಕಿ ಉಳಿಸಿಕೊಂಡವರು ಬಡಗಿ ಮತ್ತೆ ಬಾಗಿಲು ತಟ್ಟುವವರೆಗೆ ಕಾಯದೆ, ತಾವೇ ಅವನ ಮನೆಗೆ ಹೋಗಿ ಕೊಟ್ಟು ಬರಲಿ.